ಕಾಂಕ್ಷೆಯೂ ಸಮ್ಯಕ್ತ್ವವೂ: ಬೇತೂರು ಶಾಸನದ ಹಿನ್ನೆಲೆಯಲ್ಲಿ ಒಂದು ವಿಚಾರ

ಫಲವನ್ನು ಬಯಸಿ ದೇವರನ್ನು ನಂಬುವುದು ನಿಜವಾದ ಶ್ರದ್ಧೆಯೆನಿಸೀತೆ ಎಂಬ ಪ್ರಶ್ನೆ ಎಲ್ಲ ಮತಗಳಲ್ಲಿಯೂ ಎದ್ದಿದೆ. ಜೈನದರ್ಶನದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಬಿಗುವುಂಟು. ಜಿನನು ವೀತರಾಗ, ಸ್ತುತಿಗೆ ಒಲಿಯುವವನಲ್ಲ, ನಿಂದೆಗೆ ಮುನಿಯುವವನಲ್ಲ, ಬೇಡಿದುದನ್ನು ಕೊಡುವವನೂ ಅಲ್ಲ. ಹಾಗಿರುವಾಗ ಅವನ ಮುಂದೆ ಸ್ವಾರ್ಥವನ್ನು ಹೊತ್ತು ನಿಂತ ಶ್ರಾವಕನ ಶ್ರದ್ಧೆಗೆ ಯಾವ ಹೆಸರು ಸಲ್ಲಬೇಕು? ಸಿದ್ಧಾಂತಗ್ರಂಥಗಳು ಈ ಬಗೆಗೆ ಹೇಳಿರುವುದನ್ನು ಒಂದು ಶಾಸನದೊಡನೆಯೂ ಕೆಲವು ಹಸ್ತಪ್ರತಿಗಳೊಡನೆಯೂ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ದಾವಣಗೆರೆಗೆ ಸಮೀಪದ ಬೇತೂರಿನಲ್ಲಿ ದೊರೆತ ಕ್ರಿ.ಶ. 1271ರ ಶಾಸನವು ವಿದ್ವಾಂಸರಿಗೆ ಪರಿಚಿತವಾದುದೇ. ಸೇವುಣ ಅರಸರ ಸಚಿವನಾಗಿದ್ದ ಕೂಚಿರಾಜನು ತನ್ನ ಮಡದಿ ಲಕ್ಷ್ಮೀದೇವಿ ತೀರಿಕೊಂಡ ಮೇಲೆ, ಗುರುಗಳಾದ ಪದ್ಮಸೇನ ಭಟ್ಟಾರಕರ ಉಪದೇಶದಂತೆ, ಅವಳ ಹೆಸರಿನಲ್ಲಿ ಲಕ್ಷ್ಮೀ ಜಿನಾಲಯವನ್ನು ಕಟ್ಟಿಸಿ ಪಾರ್ಶ್ವನಾಥಸ್ವಾಮಿಗೆ ಅರ್ಪಿಸಿದನು. ಬಸದಿಯು ಮೂಲಸಂಘದ ಸೇನಗಣ, ಪೊಗಲೆ ಗಚ್ಛಕ್ಕೆ ಸಂದಿತು. ಸಂಗತಿ ಇಷ್ಟೇ. ಆದರೆ ಇದು ಭಕ್ತಿಯೋ, ಶೋಕವೋ, ಮಡದಿಯ ಹೆಸರನ್ನು ಕಲ್ಲಿನಲ್ಲಿ ಉಳಿಸುವ ಮೋಹವೋ ಎಂದು ಕೇಳಿದರೆ ಉತ್ತರ ಸುಲಭವಲ್ಲ.

ಇಂತಹ ಪ್ರಶ್ನೆಗೆ ಶಾಸನದ ಒಕ್ಕಣೆಯಿಂದಲೇ ಉತ್ತರ ಪಡೆಯಲು ಹೊರಡುವುದು ಅಪಾಯಕರ. ಬೇತೂರಿಗೆ ದೂರವಲ್ಲದ ಹರಿಹರದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1223–24ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಅದಾಗಿ ಐವತ್ತು ವರ್ಷ ತುಂಬುವ ಮುನ್ನವೇ ಲಕ್ಷ್ಮೀ ಜಿನಾಲಯವೆದ್ದಿತು. ಆ ಕಾಲದ ಕನ್ನಡ ದಾನಶಾಸನಗಳಲ್ಲಿ, ಮತ ಯಾವುದೇ ಇರಲಿ, ಧರ್ಮವನ್ನು ಕಾಯ್ದವನಿಗೆ ವಾರಣಾಸಿಯಲ್ಲಿ ಗೋದಾನ ಮಾಡಿದ ಪುಣ್ಯ, ಕೆಡಿಸಿದವನಿಗೆ ಅಲ್ಲಿಯೇ ಗೋವಧೆ ಮಾಡಿದ ಪಾಪ ಎಂಬ ಧಾಟಿಯ ಫಲಶ್ರುತಿ ಮತ್ತು ಶಾಪಾಶಯಗಳು ಸಾಮಾನ್ಯ. ಇವು ಲಾಭಭಯಗಳ ಭಾಷೆಯೆಂಬುದು ನಿಜ. ಆದರೆ ಇವು ಮುಂಬರುವ ಅರಸರನ್ನೂ ಊರವರನ್ನೂ ಕುರಿತವು. ದತ್ತಿಯ ರಕ್ಷಣೆಗಾಗಿ ಬರೆದವು. ದಾನಿಯ ಅಂತರಂಗಕ್ಕೆ ಅವನ್ನು ಸಾಕ್ಷಿಯಾಗಿ ಕರೆಯಲಾಗದು. ಆದುದರಿಂದ ಸಿದ್ಧಾಂತದ ಕಡೆಗೆ ತಿರುಗಬೇಕಾಗುತ್ತದೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡನೆಯದು ನಿಃಕಾಂಕ್ಷಿತ. ಕರ್ಮಾಧೀನವೂ ಅಂತ್ಯವುಳ್ಳದ್ದೂ ದುಃಖಮಿಶ್ರಿತವೂ ಆದ ಸುಖದಲ್ಲಿ ಆಸ್ಥೆಯಿಲ್ಲದಿರುವುದೇ ಅದರ ಲಕ್ಷಣವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ನಿರೂಪಿಸಿ, ಅನಂತಮತಿಯನ್ನು ಅದಕ್ಕೆ ನಿದರ್ಶನವಾಗಿ ಹೆಸರಿಸಿದ್ದಾರೆ. ವರವನ್ನು ಬಯಸಿ ರಾಗದ್ವೇಷಗಳಿಂದ ಮಲಿನರಾದ ದೇವತೆಗಳನ್ನು ಉಪಾಸಿಸುವುದನ್ನು ಅವರು ದೇವಮೂಢತೆಯೆಂದು ಕರೆದಿದ್ದಾರೆ. ಜನ್ನನ ಯಶೋಧರಚರಿತೆಯಲ್ಲಿ ದುಃಸ್ವಪ್ನದ ಪರಿಹಾರಕ್ಕೆಂದು ಹಿಟ್ಟಿನ ಕೋಳಿಯನ್ನು ಬಲಿಯಿತ್ತ ತಾಯಿಮಕ್ಕಳು ಭವಭವಗಳಲ್ಲಿ ತೊಳಲಿದುದು ಇದೇ ಮೂಢತೆಯ ಫಲ. ಕುಂದಕುಂದಾಚಾರ್ಯರ ಮಾತಂತೂ ಇನ್ನೂ ಕಟುವಾದುದು. ಅಭವ್ಯನೂ ಧರ್ಮವನ್ನು ನಂಬುತ್ತಾನೆ, ಮೆಚ್ಚುತ್ತಾನೆ, ಆಚರಿಸುತ್ತಾನೆ. ಆದರೆ ಅದೆಲ್ಲ ಭೋಗನಿಮಿತ್ತವೇ ಹೊರತು ಕರ್ಮಕ್ಷಯ ನಿಮಿತ್ತವಲ್ಲವೆಂಬುದು ಸಮಯಸಾರದ ಬಂಧಾಧಿಕಾರದ ಅಭಿಪ್ರಾಯ. ಇಷ್ಟನ್ನೇ ಹಿಡಿದು ನಡೆದರೆ ಹರಕೆ ಹೊತ್ತ ಶ್ರಾವಕರೆಲ್ಲರ ಶ್ರದ್ಧೆಯೂ ಹುಸಿಯೆಂದು ತೀರ್ಮಾನಿಸಬೇಕಾದೀತು.

ಆದರೆ ಆಗಮಪರಂಪರೆ ಇಷ್ಟಕ್ಕೇ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದ 23ನೆಯ ಸೂತ್ರವು ಶಂಕೆ, ಕಾಂಕ್ಷೆ ಮೊದಲಾದ ಐದನ್ನು ಸಮ್ಯಗ್ದೃಷ್ಟಿಯ ಅತಿಚಾರಗಳೆಂದು ಎಣಿಸಿದೆ. ಅತಿಚಾರವೆಂದರೆ ಮಾಲಿನ್ಯ, ಸ್ಖಲನ; ಸರ್ವನಾಶವಲ್ಲ. ಅತಿಚಾರವು ಸಂಭವಿಸಬೇಕಾದರೆ ಸಮ್ಯಕ್ತ್ವವು ಮೊದಲೇ ಇದ್ದಿರಬೇಕು. ಇಲ್ಲದ ಬಟ್ಟೆಗೆ ಕಲೆ ತಗಲಲಾರದು. ಆದರೆ ಅದೇ ಅಧ್ಯಾಯದ 18ನೆಯ ಸೂತ್ರವು ಶಲ್ಯರಹಿತನೇ ವ್ರತಿಯೆನ್ನುತ್ತದೆ. ನಿದಾನವು ಮೂರು ಶಲ್ಯಗಳಲ್ಲೊಂದು. ಅಂದರೆ ಮನಸ್ಸಿನಲ್ಲಿ ಸುಳಿದುಹೋಗುವ ಆಸೆ ಬೇರೆ, ವ್ರತವನ್ನೇ ಭೋಗಕ್ಕೆ ಬೆಲೆಯಾಗಿ ಕಟ್ಟುವ ನಿದಾನ ಬೇರೆ.

ಇದಕ್ಕಿಂತಲೂ ಮಹತ್ತ್ವದ ಮಾತು ಸರ್ವಾರ್ಥಸಿದ್ಧಿಯಲ್ಲಿದೆ. ಸಮ್ಯಗ್ದರ್ಶನೋತ್ಪತ್ತಿಯ ಬಾಹ್ಯಸಾಧನಗಳನ್ನು ವಿವರಿಸುವಾಗ ಪೂಜ್ಯಪಾದರು ಮನುಷ್ಯರಿಗೆ ಜಾತಿಸ್ಮರಣ, ಧರ್ಮಶ್ರವಣ, ಜಿನಬಿಂಬದರ್ಶನಗಳನ್ನು ಹೇಳುತ್ತಾರೆ. ನಾರಕರ ವಿಷಯದಲ್ಲಿ ವೇದನಾಭಿಭವವನ್ನೂ, ಎಂದರೆ ನೋವಿನಿಂದ ಜರ್ಜರಿತನಾಗುವುದನ್ನೂ, ಸೇರಿಸುತ್ತಾರೆ. ದೇವತೆಗಳಲ್ಲಿ ಕೆಲವರಿಗೆ ಇತರ ದೇವತೆಗಳ ಋದ್ಧಿಯನ್ನು ಕಾಣುವುದೂ ಸಾಧನವೇ. ನೋವಿನಿಂದ ಬಿಡುಗಡೆ ಬಯಸುವುದಕ್ಕಿಂತ ಸ್ವಾರ್ಥವಾದುದೇನಿದೆ? ಪರರ ವೈಭವವನ್ನು ಕಂಡಾಗ ಹುಟ್ಟುವುದು ಸಾಮಾನ್ಯವಾಗಿ ಆಸೆಯಲ್ಲವೆ? ಆದರೂ ಅವುಗಳ ಮೂಲಕ ಸಮ್ಯಕ್ತ್ವವು ಉದಯಿಸಬಲ್ಲುದೆಂದು ಆಚಾರ್ಯರು ಒಪ್ಪಿದ್ದಾರೆ.

ಇಲ್ಲಿ ಮೂರು ವಿಷಯಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಶ್ರದ್ಧೆಯ ಬಾಗಿಲಿಗೆ ಕರೆತಂದುದು ನಿಮಿತ್ತ. ಶ್ರದ್ಧೆಯು ಗುರಿಯಾಗಿ ಹಿಡಿದುದು ಪ್ರಯೋಜನ. ಹಿಡಿದ ಮೇಲೆ ನಡುನಡುವೆ ತಗಲುವ ಕಲೆ ಅತಿಚಾರ. ಸಮಯಸಾರವು ಖಂಡಿಸುವುದು ಭೋಗವನ್ನೇ ಪ್ರಯೋಜನವಾಗಿ ಉಳಿಸಿಕೊಂಡವನನ್ನು. ತತ್ತ್ವಾರ್ಥಸೂತ್ರವು ಎಚ್ಚರಿಸುವುದು ಗುರಿ ಸರಿಯಿದ್ದೂ ಕಾಂಕ್ಷೆ ಸೋಂಕಿದವನನ್ನು. ಸರ್ವಾರ್ಥಸಿದ್ಧಿಯು ಹೇಳುವುದು ಇನ್ನೂ ಬಾಗಿಲಲ್ಲಿರುವವನ ವಿಷಯ. ಮೂರಕ್ಕೂ ಒಂದೇ ಹೆಸರಿಟ್ಟಾಗ ಮಾತ್ರ ಗ್ರಂಥಗಳಲ್ಲಿ ವಿರೋಧ ತೋರುತ್ತದೆ.

ಪಾಶ್ಚಾತ್ಯರಲ್ಲಿಯೂ ಈ ಚರ್ಚೆ ನಡೆದಿದೆ. ದೇವರಿದ್ದಾನೆಂದು ಪಣ ಹೂಡಿದರೆ ಲಾಭ ಅಪಾರ, ನಷ್ಟ ಅತ್ಯಲ್ಪ ಎಂಬ ಫ್ರಾನ್ಸಿನ ಪಾಸ್ಕಲನ (1623–1662) ವಾದ ಪ್ರಸಿದ್ಧವಾದುದು. ಆದರೆ ಆತನೂ ಲೆಕ್ಕಾಚಾರವನ್ನೇ ಶ್ರದ್ಧೆಯೆನ್ನಲಿಲ್ಲ. ಪಣದ ಬಳಿಕ ನಂಬಿದವರಂತೆ ಆಚರಿಸುತ್ತ ಹೋಗಬೇಕು, ಹೃದಯವು ಆಮೇಲೆ ಪಳಗುವುದು ಎಂದನು. ಅಲ್ಲಿಯೂ ಲಾಭವು ನಿಮಿತ್ತ ಮಾತ್ರ. ಜೈನನಿಗಾದರೋ ಪಣ ಹೂಡಲು ಎದುರಾಳಿಯೇ ಇಲ್ಲ. ಕೊಡುವವನಿಲ್ಲದ ಎಡೆಯಲ್ಲಿ ಬೇಡಿಕೆ ತಾನಾಗಿಯೇ ತನ್ನ ಕಡೆಗೆ ಹಿಂದಿರುಗುತ್ತದೆ.

ಈಗ ಕೂಚಿರಾಜನ ಕಾರ್ಯವನ್ನು ಮತ್ತೆ ನೋಡೋಣ. ಲಕ್ಷ್ಮೀದೇವಿಯ ಆಯುಷ್ಯವನ್ನು ಬೇಡುವ ಕಾಲ ಕಳೆದುಹೋಗಿತ್ತು. ಒಬ್ಬನ ಕರ್ಮಫಲವನ್ನು ಇನ್ನೊಬ್ಬನು ಕೊಡಲಾರ, ಕೊಳ್ಳಲಾರ ಎಂಬ ಸಿದ್ಧಾಂತದಂತೆ, ಬಸದಿಯ ಪುಣ್ಯವು ಅವಳನ್ನು ತಲುಪುವಂತೆಯೂ ಇರಲಿಲ್ಲ. ಶೋಕವು ನಿಮಿತ್ತವಾಯಿತು, ಗುರೂಪದೇಶವು ಧರ್ಮಶ್ರವಣವಾಯಿತು, ಪಾರ್ಶ್ವನಾಥನ ಪ್ರತಿಮೆಯು ಇತರರಿಗೆ ಜಿನಬಿಂಬದರ್ಶನದ ಸಾಧನವಾಯಿತು. ಅವನ ಆತ್ಮಪರಿಣಾಮವನ್ನು ಕೇವಲಿಗಳೇ ಬಲ್ಲರು. ಆದರೆ ಪದ್ಮಸೇನ ಭಟ್ಟಾರಕರು ಅವನ ಮೋಹವನ್ನು ಹಳಿದು ಹಿಂದಕ್ಕೆ ಕಳುಹದೆ, ಅದಕ್ಕೊಂದು ದಾರಿ ತೋರಿಸಿದರೆಂಬುದು ಶಾಸನದಿಂದ ಸ್ಪಷ್ಟ.

ಈ ವಿವೇಚನೆಯು ಹಸ್ತಪ್ರತಿ ಅಧ್ಯಯನಕ್ಕೂ ಸಂಬಂಧಿಸಿದುದು. ನಮ್ಮ ಭಂಡಾರಗಳಲ್ಲಿರುವ ಕನ್ನಡ ನೋಂಪಿಯ ಕಥೆಗಳು ಸಂತಾನ, ಆರೋಗ್ಯ, ಐಶ್ವರ್ಯಗಳಿಂದ ಮೊದಲುಮಾಡಿ ಸ್ವರ್ಗಮೋಕ್ಷಗಳವರೆಗಿನ ಫಲವನ್ನು ಸಾರುತ್ತವೆ. ಕಾಂಕ್ಷೆಯನ್ನು ಬೆಳೆಸುವ ಜನಪದ ಸಾಮಗ್ರಿಯೆಂದು ಅವನ್ನು ಬದಿಗಿರಿಸುವುದು ಸುಲಭ. ಆದರೆ ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಪ್ರಶಸ್ತಿಗಳನ್ನು ಸ್ಮರಿಸಬೇಕು. ಬನ್ನಿಕೆರೆಯ ದೇಮಿಯಕ್ಕನು ಶ್ರುತಪಂಚಮೀ ನೋಂಪಿಯ ಉದ್ಯಾಪನೆಯಲ್ಲಿ ಧವಲಾ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಲ್ಲಿಕಬ್ಬೆಯು ಪಂಚಮೀ ನೋಂಪಿಯ ಉದ್ಯಾಪನೆಗಾಗಿ ಮಹಾಬಂಧವನ್ನು ಬರೆಯಿಸಿ ಮಾಘನಂದಿಗಳಿಗೆ ಕೊಟ್ಟಳು. ಕರ್ಮಬಂಧದ ಸೂಕ್ಷ್ಮಾತಿಸೂಕ್ಷ್ಮ ವಿಚಾರವು ನಮ್ಮವರೆಗೆ ಬಂದುದು ನೋಂಪಿ ಹಿಡಿದ ಶ್ರಾವಿಕೆಯರ ಕೈಯಿಂದ.

ಆದುದರಿಂದ, ಸ್ವಾರ್ಥದಿಂದ ಹುಟ್ಟಿದ ನಂಬಿಕೆ ಸಮ್ಯಗ್ದರ್ಶನವೇ ಎಂದು ಕೇಳಿದರೆ, ಹುಟ್ಟಿದ ಎಡೆಯಲ್ಲಿ ಅಲ್ಲವೆಂದೇ ಹೇಳಬೇಕು. ಅಲ್ಲಿಯೇ ನಿಂತರೆ ಎಂದಿಗೂ ಆಗದೆಂದೂ ಹೇಳಬೇಕು. ಆದರೆ ಬೇಡಿದುದು ದೊರೆಯದಿದ್ದಾಗಲೂ, ದೊರೆತು ತೀರಿದಾಗಲೂ ಜಿನವಚನದಲ್ಲಿ ರುಚಿ ಉಳಿದರೆ, ಅದು ಬೇಡಿಕೆಯನ್ನು ದಾಟಿದ ಶ್ರದ್ಧೆ. ನೋಂಪಿಯ ಪ್ರತಿಗಳನ್ನು ಸಂಪಾದಿಸುವವರು ಅವು ಸಾರುವ ಐಹಿಕ ಫಲಗಳನ್ನಷ್ಟೇ ಎಣಿಸದೆ, ಕಥೆಯ ವ್ರತಿಯು ಫಲಪ್ರಾಪ್ತಿಯ ನಂತರ ಏನು ಮಾಡುತ್ತಾನೆ, ಯಾವ ಗುರುವಿನ ಬಳಿ ಸಾರುತ್ತಾನೆ, ದೀಕ್ಷೆ ಹಿಡಿಯುತ್ತಾನೆಯೇ ಎಂಬುದನ್ನೂ ಗುರುತಿಸಿದಲ್ಲಿ, ಈ ಸಾಹಿತ್ಯವು ಕಾಂಕ್ಷೆಯನ್ನು ಪೋಷಿಸಿತೋ ಕಾಂಕ್ಷೆಯಿಂದ ಆಚೆಗೆ ನಡೆಸಿತೋ ಎಂಬುದು ಪ್ರತಿಯಿಂದ ಪ್ರತಿಗೆ ನಿರ್ಣಯವಾಗಬಹುದು.