ದೊಡ್ಡಪ್ಪನ ಕ್ಯಾಮೆರಾ ಮತ್ತು ಜಪಾನಿನ ಗಡಿಯಾರದ ಕುಶಲಿಗಳು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಾಗಿ ಪ್ರತಿಯೊಂದು ಎಸ್.ಎಸ್.ಎಲ್.ಸಿ. ತಂಡದ ಗುಂಪು ಫೋಟೋ ಬೇಕೆಂದು ಸಮಿತಿಯವರು ಕೇಳಿದಾಗ ನಮ್ಮ ತಂಡದವರೆಲ್ಲ ಮನೆಯ ಆಲ್ಬಂಗಳನ್ನು ತಡಕಾಡಿದರು. ಯಾರಲ್ಲೂ ಸಿಗಲಿಲ್ಲ. ಸಿಗುವುದೂ ಇಲ್ಲ, ಏಕೆಂದರೆ ನಮ್ಮ ತಂಡದ ಫೋಟೋ ಇಲ್ಲವೇ ಇಲ್ಲ. ಅದಕ್ಕೆ ಕಾರಣ ನಾನು. ಇಷ್ಟು ವರ್ಷ ಯಾರಿಗೂ ಹೇಳದ ಈ ಮಾತನ್ನು ಹೇಳಬೇಕಾದರೆ ಒಂದು ಕ್ಯಾಮೆರಾದ ಕಥೆಯನ್ನೂ ಅದರೊಳಗಿನ ಒಂದು ಸಣ್ಣ ಯಂತ್ರದ ಚರಿತ್ರೆಯನ್ನೂ ಹೇಳಬೇಕಾಗುತ್ತದೆ.

ನನ್ನ ದೊಡ್ಡಪ್ಪ ಸರಕು ಹಡಗಿನಲ್ಲಿ ಖಲಾಸಿಯಾಗಿದ್ದರು. ನಮ್ಮ ಮನೆಯಲ್ಲಿ ಮೀನುಗಾರಿಕೆ ಬಿಟ್ಟು ಬೇರೆ ಕೆಲಸಕ್ಕೆ ಹೋದ ಮೊದಲಿಗರು ಅವರೇ. 1960ರ ದಶಕದ ಕೊನೆಯಲ್ಲಿ ಅವರ ಹಡಗು ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದಾಗ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಮಡಚುವ ಕ್ಯಾಮೆರಾ ಒಂದನ್ನು ಕೊಂಡರು. ಅದರ ಹೆಸರು ಮಾಮಿಯಾ ಸಿಕ್ಸ್. ಮುಚ್ಚಿದರೆ ಚಪ್ಪಟೆ ಬುತ್ತಿ ಡಬ್ಬಿಯಷ್ಟೇ ಗಾತ್ರ. ಗುಂಡಿ ಒತ್ತಿದರೆ ಮುಂದಿನ ಬಾಗಿಲು ತೆರೆದು, ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆಯ ತುದಿಯಲ್ಲಿ ಲೆನ್ಸ್ ಹೊರಗೆ ಬರುತ್ತಿತ್ತು. ಒಂದು 120 ರೋಲಿಗೆ 6 ಸೆಂಟಿಮೀಟರ್ ಚೌಕದ 12 ಚಿತ್ರಗಳು. ಲೆನ್ಸಿನ ಸುತ್ತ 'ಸೇಕೋಶಾ-ರಾಪಿಡ್' ಎಂದು ಕೆತ್ತಿತ್ತು. ಅದು ಶಟರಿನ ಹೆಸರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಶಟರ್ ಎಂದರೆ ಕ್ಯಾಮೆರಾದ ಬಾಗಿಲು. ಫಿಲ್ಮಿನ ಮೇಲೆ ಬೆಳಕು ಎಷ್ಟು ಹೊತ್ತು ಬೀಳಬೇಕೆಂದು ನಿರ್ಧರಿಸುವುದು ಅದೇ. ಮಡಚುವ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಎಲೆ ಶಟರ್. ಕಾಗದದಷ್ಟು ತೆಳುವಾದ ಕೆಲವು ಉಕ್ಕಿನ ಎಲೆಗಳು ಒಂದರ ಮೇಲೊಂದು ಕುಳಿತು ಲೆನ್ಸಿನ ಗಾಜುಗಳ ನಡುವಿನ ದಾರಿಯನ್ನು ಮುಚ್ಚಿರುತ್ತವೆ. ಗುಂಡಿ ಒತ್ತಿದೊಡನೆ ಸ್ಪ್ರಿಂಗಿನ ಬಲದಿಂದ ಎಲ್ಲವೂ ಒಟ್ಟಿಗೆ ನಡುವಿನಿಂದ ಅಂಚಿಗೆ ಸರಿದು ಮತ್ತೆ ಮುಚ್ಚಿಕೊಳ್ಳುತ್ತವೆ. ಇಡೀ ಯಂತ್ರ ಒಂದು ಉಂಗುರದೊಳಗೆ ಅಡಗುವುದರಿಂದ ಜೇಬಿನ ಕ್ಯಾಮೆರಾಕ್ಕೆ ಇದು ಹೇಳಿ ಮಾಡಿಸಿದಂತಿತ್ತು.

ಬಾಗಿಲು ತೆರೆದು ಮುಚ್ಚುವುದು ಅಷ್ಟು ಕಷ್ಟವಲ್ಲ. ಕಷ್ಟವಿರುವುದು ಅರ್ಧ ಸೆಕೆಂಡು ಎಂದರೆ ಅರ್ಧವೇ ಸೆಕೆಂಡು ತೆರೆದಿಡುವುದರಲ್ಲಿ. ಮೊದಲಿನ ಶಟರುಗಳಲ್ಲಿ ಇದಕ್ಕಾಗಿ ಗಾಳಿ ತುಂಬಿದ ಪುಟ್ಟ ಕೊಳವೆಯನ್ನು ಬಳಸುತ್ತಿದ್ದರು. 1912ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಫ್ರೀಡ್ರಿಕ್ ಡೆಕೆಲ್ ಕಾರ್ಖಾನೆಯಿಂದ ಕಾಂಪುರ್ ಎಂಬ ಶಟರ್ ಬಂತು. ಅದರಲ್ಲಿ ಗಾಳಿಯ ಬದಲು ಗಡಿಯಾರದಂಥ ಹಲ್ಲುಚಕ್ರಗಳ ಸಾಲು. ಕೊನೆಯ ಚಕ್ರಕ್ಕೆ ಒಂದು ಸಣ್ಣ ಕೊಕ್ಕೆ ತಾಗಿ ತಾಗಿ ಓಟವನ್ನು ತಡೆಯುತ್ತದೆ. ನಿಧಾನದ ವೇಗದಲ್ಲಿ ಹಳೆಯ ಕ್ಯಾಮೆರಾ 'ಜರ್ರ್' ಎಂದು ಸದ್ದು ಮಾಡುವುದು ಈ ಕೊಕ್ಕೆಯಿಂದ. ಅಲ್ಲಿಂದ ಮುಂದೆ ಶಟರ್ ಮಾಡುವುದು ಗಡಿಯಾರ ಮಾಡುವವರ ಕೆಲಸಕ್ಕೆ ಹತ್ತಿರವಾಯಿತು.

ಜಪಾನಿನಲ್ಲಿ ಆಗ ಕ್ಯಾಮೆರಾ ಉದ್ಯಮ ಇನ್ನೂ ಎಳೆಯದು. ಕೊನಿಷಿಯವರ ಸಂಸ್ಥೆ 1925ರಲ್ಲಿ ಪರ್ಲೆಟ್ ಎಂಬ ಮಡಚುವ ಕ್ಯಾಮೆರಾ ತಂದಿತು. ಅದಕ್ಕೆ ಅಮೆರಿಕದ ವೆಸ್ಟ್ ಪಾಕೆಟ್ ಕೊಡಕ್ ಮಾದರಿ. ತಾಷಿಮಾ ಕಾಜುಓ ಎಂಬವರು 1928ರಲ್ಲಿ ಆರಂಭಿಸಿದ ಸಂಸ್ಥೆಯ ಹೆಸರಿನಲ್ಲೇ ಜಪಾನ್ ಮತ್ತು ಜರ್ಮನಿ ಎರಡೂ ಸೇರಿದ್ದವು. ಮುಂದೆ ಮಿನೋಲ್ಟಾ ಎಂದು ಹೆಸರಾದದ್ದು ಇದೇ. ಅವರ ಮೊದಲ ಕ್ಯಾಮೆರಾ ನಿಫ್ಕಾಲೆಟ್ 1929ರಲ್ಲಿ ಬಂದಾಗ ಅದರ ದೇಹ ಜಪಾನಿನದ್ದು, ಲೆನ್ಸ್ ಮತ್ತು ಶಟರ್ ಜರ್ಮನಿಯದ್ದು. ಪೆಟ್ಟಿಗೆ, ಚರ್ಮ, ಮಡಿಕೆ ಎಲ್ಲವನ್ನೂ ಮಾಡಬಲ್ಲ ಕೈಗಳಿಗೆ ಆ ಪುಟ್ಟ ಉಂಗುರ ಮಾತ್ರ ಸುಲಭಕ್ಕೆ ದಕ್ಕಲಿಲ್ಲ.

ಆದರೆ ಜಪಾನಿನಲ್ಲಿ ಗಡಿಯಾರದ ವಿದ್ಯೆ ಇತ್ತು. ಹತ್ತೋರಿ ಕಿಂತಾರೋ 1881ರಲ್ಲಿ ತೋಕಿಯೋದಲ್ಲಿ ಅಂಗಡಿ ತೆರೆದು, 1892ರಲ್ಲಿ ಸೇಕೋಶಾ ಎಂಬ ಗಡಿಯಾರ ಕಾರ್ಖಾನೆ ಕಟ್ಟಿದ್ದರು. ಇಂದಿನ ಸೇಕೋ ವಾಚಿನ ಮೂಲ ಅದೇ. 1913ರಲ್ಲಿ ಜಪಾನಿನ ಮೊದಲ ಕೈಗಡಿಯಾರ ಹೊರಬಂದದ್ದೂ ಅಲ್ಲಿಂದಲೇ. 1930ರ ದಶಕದಲ್ಲಿ ಇದೇ ಕಾರ್ಖಾನೆ ಕಾಂಪುರನ್ನು ನೋಡಿ ಕಲಿತು ಎಲೆ ಶಟರುಗಳನ್ನು ಮಾಡತೊಡಗಿತು. ಕೊನಿಷಿಯವರೂ ಡ್ಯುರಾಕ್ಸ್ ಮುಂತಾದ ತಮ್ಮದೇ ಶಟರುಗಳನ್ನು ತಂದರು. 1937ರಲ್ಲಿ ಚೀನಾದೊಂದಿಗೆ ಯುದ್ಧ ಶುರುವಾಗಿ ಆಮದಿಗೆ ಕಡಿವಾಣ ಬಿದ್ದಾಗ, ಜರ್ಮನಿಯ ಶಟರಿಗಾಗಿ ಕಾದು ಕುಳಿತುಕೊಳ್ಳುವ ಕಾಲ ಮುಗಿಯಿತು. 1940ರಲ್ಲಿ ಮಾಮಿಯಾ ಸಿಕ್ಸ್ ಹುಟ್ಟಿತು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಶಟರುಗಳಿಗೇ ಹೆಸರಾದ ಕೋಪಾಲ್ ಸಂಸ್ಥೆ ಆರಂಭವಾಯಿತು. ಇನ್ನೊಂದು ವಾಚ್ ಕಂಪನಿಯಾದ ಸಿಟಿಜನ್ ಕೂಡ ಶಟರ್ ತಯಾರಿಕೆಗೆ ಇಳಿಯಿತು. ಒಂದು ಕಾಲಕ್ಕೆ ಮೆಚ್ಚಿ ನಕಲು ಮಾಡಿದವರು ಸುಮಾರು 20 ವರ್ಷಗಳಲ್ಲಿ ಜಗತ್ತಿಗೆ ಮಾರುವವರಾದರು.

ಈಗ ನನ್ನ ತಪ್ಪಿನ ವಿಷಯ. ನಾವು ಹತ್ತನೆಯ ತರಗತಿಯಲ್ಲಿದ್ದಾಗ ಬೀಳ್ಕೊಡುಗೆಯ ದಿನ ನಮ್ಮ ಗುಂಪು ಫೋಟೋ ತೆಗೆಯಲು ದೊಡ್ಡಪ್ಪ ಒಪ್ಪಿದ್ದರು. ಬಹುಕಾಲ ಬಳಸದ ಕ್ಯಾಮೆರಾ, ನಿಧಾನದ ವೇಗದಲ್ಲಿ ತೊದಲುತ್ತಿತ್ತು. ಸರಿಮಾಡಿ ಭೇಷ್ ಎನ್ನಿಸಿಕೊಳ್ಳೋಣ ಎಂದುಕೊಂಡು, ಹಿಂದಿನ ಸಂಜೆ ಯಾರಿಗೂ ಕಾಣದಂತೆ ಅಮ್ಮನ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟೆ. ಆಗ ಚೆನ್ನಾಗಿಯೇ ಓಡಿತು. ರಾತ್ರಿ ಕಳೆಯುವಷ್ಟರಲ್ಲಿ ಎಣ್ಣೆ ಎಲೆಗಳ ನಡುವೆ ಹರಡಿತ್ತು. ಮರುದಿನ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಶಾಲೆಗೆ ಬಂದರು, ನಮ್ಮನ್ನು ಸಾಲಾಗಿ ನಿಲ್ಲಿಸಿದರು, 12 ಚಿತ್ರ ತೆಗೆದರು. ತೊಳೆಸಲು ಕೊಟ್ಟ ಫಿಲ್ಮ್ ಪೂರ್ತಿ ಕಪ್ಪಾಗಿ ಬಂತು. ಎಲೆಗಳು ಅಂಟಿ ತಡವಾಗಿ ಮುಚ್ಚಿ, ಬೇಕಾದದ್ದಕ್ಕಿಂತ ಎಷ್ಟೋ ಪಾಲು ಬೆಳಕು ಒಳಗೆ ಹೋಗಿತ್ತು.

"ಉಪ್ಪುಗಾಳಿ ತಿಂದು ಹಾಕಿತು" ಎಂದರು ದೊಡ್ಡಪ್ಪ. ಒಂದು ಕಡೆ ಕಡಲು, ಇನ್ನೊಂದು ಕಡೆ ನದಿ ಇರುವ ನಮ್ಮೂರಿನಲ್ಲಿ ಯಾರೂ ನಂಬುವ ಮಾತು ಅದು. ಕ್ಯಾಮೆರಾವನ್ನು ಟ್ರಂಕಿನೊಳಗಿಟ್ಟರು, ಮತ್ತೆ ತೆಗೆಯಲಿಲ್ಲ. ನಾನು ಸುಮ್ಮನಿದ್ದೆ. ಅವರು ತೀರಿಕೊಳ್ಳುವವರೆಗೂ ಸುಮ್ಮನೇ ಇದ್ದೆ. ನಮ್ಮ ತಂಡದ ಒಬ್ಬ ಗೆಳೆಯ ಕೆಲವು ವರ್ಷಗಳ ಬಳಿಕ ಅಳಿವೆ ಬಾಗಿಲಿನಲ್ಲಿ ದೋಣಿ ಮಗುಚಿ ಹೋದ. ಅವನು ಶಾಲೆಯಲ್ಲಿದ್ದಾಗಿನ ಫೋಟೋ ಇದೆಯೇ ಎಂದು ಅವನ ತಾಯಿ ಕೇಳಿದಾಗ ಇಲ್ಲ ಎಂದವರಲ್ಲಿ ನಾನೂ ಒಬ್ಬ.

ದೊಡ್ಡಪ್ಪನ ಟ್ರಂಕ್ ತೆರೆದಾಗ ಕ್ಯಾಮೆರಾವನ್ನು ನಾನು ಬೆಂಗಳೂರಿಗೆ ಒಯ್ದೆ. ಪರಿಚಿತರೊಬ್ಬರು ಜಾಲಹಳ್ಳಿ ಕಡೆಯ ಒಬ್ಬ ಹಿರಿಯರ ಬಳಿಗೆ ಕಳುಹಿಸಿದರು. ಅವರು ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಲೆನ್ಸ್ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿದವರೇ, "ಯಾರಪ್ಪಾ ಇದಕ್ಕೆ ಎಣ್ಣೆ ಬಿಟ್ಟೋರು?" ಎಂದರು. ಅಷ್ಟು ವರ್ಷಗಳಲ್ಲಿ ನಾನು ಮೊದಲ ಬಾರಿ "ನಾನೇ ಸರ್" ಎಂದದ್ದು ಅವರ ಮುಂದೆ.

ಎಲೆಗಳನ್ನು ಒಂದೊಂದಾಗಿ ತೊಳೆದು, ಒಣಗಿಸಿ, ಎಣ್ಣೆ ಸೋಕಿಸದೆ ಮತ್ತೆ ಜೋಡಿಸಿದರು. ವಾಚಿನ ಎಣ್ಣೆಯನ್ನು ಸೂಜಿಯ ಮೊನೆಯಿಂದ ಚಕ್ರಗಳ ಅಚ್ಚಿಗೆ ಮಾತ್ರ ಮುಟ್ಟಿಸಿದರು. ಕೆಲಸ ಮಾಡುತ್ತಲೇ ಹೇಳಿದರು: ಈ ಚಕ್ರ, ಈ ಕೊಕ್ಕೆ ಅವರ ಕೈಗೆ ಹೊಸದಲ್ಲ. ಅದು ನಿಜ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ. 1961ರಲ್ಲಿ ಕೈಗಡಿಯಾರ ತಯಾರಿಕೆಗೆ ಕೈ ಹಾಕಿದ್ದು ಜಪಾನಿನ ಸಿಟಿಜನ್ ಸಹಯೋಗದಲ್ಲಿ. ನಮ್ಮ ಅಜ್ಜಂದಿರ, ಮೇಷ್ಟ್ರುಗಳ ಕೈಯಲ್ಲಿದ್ದ 'ಜನತಾ' ವಾಚು ಆ ಕಲಿಕೆಯ ಫಲ. ಶಟರ್ ಮಾಡಿದ ಅದೇ ಸಿಟಿಜನ್ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೂ ವಾಚಿನ ವಿದ್ಯೆ ಕಲಿಸಿತ್ತು. ಎಚ್.ಎಂ.ಟಿ. ವಾಚ್ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ಈಗ ಆ ವಿದ್ಯೆ ಉಳಿದಿರುವುದು ಇಂಥ ಕೆಲವು ಹಿರಿಯರ ಬೆರಳುಗಳಲ್ಲಿ.

ರೂಮಿಗೆ ಬಂದು ಶಟರಿನ ಸದ್ದನ್ನು ಮೊಬೈಲಿನಲ್ಲಿ ಮುದ್ರಿಸಿ ಕಂಪ್ಯೂಟರಿನಲ್ಲಿ ಅಳೆದೆ. 1 ಸೆಕೆಂಡ್ ಎಂದು ಕೆತ್ತಿದ ವೇಗ 1.1 ಸೆಕೆಂಡ್ ಬಂತು. ನನಗಿಂತ ಎಷ್ಟೋ ಹಿರಿಯ ಯಂತ್ರ, ವಿದ್ಯುತ್ತಿಲ್ಲ, ಬ್ಯಾಟರಿಯಿಲ್ಲ. ನಾನು ಬರೆಯುವ ತಂತ್ರಾಂಶ ಐದು ವರ್ಷ ನಡೆದರೆ ದೊಡ್ಡದು.

ಟ್ರಂಕಿನಲ್ಲಿ ಒಂದು ಲಕೋಟೆಯೂ ಇತ್ತು. ಅದರಲ್ಲಿದ್ದದ್ದು 1970ರ ದಶಕದ ಮೊದಲ ವರ್ಷಗಳ ನೆಗೆಟಿವ್‌ಗಳು. ಒಂದರಲ್ಲಿ ನಮ್ಮ ಬೆಂಗ್ರೆಯ ಕಡಲ ಕರೆಯಲ್ಲಿ ಊರವರೆಲ್ಲ ಸೇರಿ ರಂಪಣಿ ಬಲೆ ಎಳೆಯುತ್ತಿದ್ದಾರೆ. ಸಾಲಿನಲ್ಲಿ ಮೂರನೆಯವರು ನನ್ನ ಅಜ್ಜ. ಆ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಮೂಲೆ ಸೇರಿತು. ಆಗಿನ ಕಡಲಿನ ಬೆಳಕಿನಲ್ಲಿ ಆ ಎಲೆಗಳು ತೆರೆದಿದ್ದದ್ದು ಸೆಕೆಂಡಿನ ನೂರನೆಯ ಒಂದು ಪಾಲೋ, ಇನ್ನೂರೈವತ್ತನೆಯ ಒಂದು ಪಾಲೋ. ನನ್ನ ಅಜ್ಜನ ಮುಖ ನನಗೆ ಉಳಿದಿರುವುದು ಅಷ್ಟರಲ್ಲಿ ಮಾತ್ರ. ನನ್ನ ಗೆಳೆಯನ ತಾಯಿಗೆ ನನ್ನಿಂದಾಗಿ ಅಷ್ಟೂ ಉಳಿಯಲಿಲ್ಲ.

ನಮ್ಮ ಶಾಲೆಯ ಮಕ್ಕಳಿಗೆ ಹೇಳುವುದಿಷ್ಟು. ಯಂತ್ರಗಳನ್ನು ಬಿಚ್ಚಿ ನೋಡಿ, ನಕಲು ಮಾಡಿಯಾದರೂ ಕಲಿಯಿರಿ, ಜಪಾನಿನವರು ಕಲಿತದ್ದೂ ಹಾಗೆಯೇ. ಆದರೆ ತಿಳಿದವರನ್ನು ಕೇಳಿ ಮುಟ್ಟಿ, ಕೆಟ್ಟರೆ ಅದೇ ದಿನ ಹೇಳಿಬಿಡಿ. ಊರವರಲ್ಲಿ ಒಂದು ವಿನಂತಿ. ಮನೆಯ ಅಟ್ಟದಲ್ಲಿ ಹಳೆಯ ಕ್ಯಾಮೆರಾ, ನೆಗೆಟಿವ್ ಇದ್ದರೆ ಎಸೆಯಬೇಡಿ. ಶಾಲೆಗೆ ತನ್ನಿ, ಪ್ರತಿ ಮಾಡಿ ಹಿಂದಿರುಗಿಸುವ ಹೊಣೆ ನನ್ನದು.

ಮಹೋತ್ಸವದ ದಿನ ದೊಡ್ಡಪ್ಪನ ಕ್ಯಾಮೆರಾ ತರುತ್ತೇನೆ, ಹೊಸ ರೋಲ್ ಹಾಕಿಯಾಗಿದೆ. ನಮ್ಮ ತಂಡದವರು ದಯವಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಜಗಲಿಯಲ್ಲಿ ಸೇರಬೇಕು. ಗೆಳೆಯನ ತಾಯಿಯನ್ನೂ ಕರೆದಿದ್ದೇನೆ, ಅವನ ಜಾಗದಲ್ಲಿ ಅವರು ಕುಳಿತುಕೊಳ್ಳುತ್ತಾರೆ.