ಭಟ್ಕಳದ ಪಂಢರಿಬಾಯಿ

ಶಿರಸಿಯಿಂದ ದೇವಿಮನೆ ಘಟ್ಟವಿಳಿದು ಕುಮಟೆ, ಹೊನ್ನಾವರಗಳನ್ನು ದಾಟಿದರೆ ಭಟ್ಕಳ. ಆ ಊರಿನ ಹೆಸರು ಬಂದಾಗಲೆಲ್ಲ ನಮ್ಮವರಿಗೆ ಮಲ್ಲಿಗೆ ನೆನಪಾಗುತ್ತದೆ, ಮೂಡಭಟ್ಕಳದ ಶಿಲಾದೇವಾಲಯಗಳು ನೆನಪಾಗುತ್ತವೆ. ನನಗೆ ಮಾತ್ರ ಪಂಢರಿಬಾಯಿಯವರು ನೆನಪಾಗುತ್ತಾರೆ. ಕನ್ನಡ ಚಿತ್ರರಂಗದ ಮೊದಲ ಸಾಲಿನ ಈ ಅಭಿನೇತ್ರಿ ನಮ್ಮ ಜಿಲ್ಲೆಯವರೆಂಬುದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನನ್ನ ಎಷ್ಟೋ ವಿದ್ಯಾರ್ಥಿಗಳಿಗೆ ತಿಳಿದಿರಲಿಲ್ಲ. ತಪ್ಪು ಅವರದಲ್ಲ, ನಾವು ಮಾಸ್ತರುಗಳು ಹೇಳಿದ್ದರಲ್ಲವೇ?

ನಾನು ಅವರನ್ನು ಮೊದಲು ಕಂಡದ್ದು ಟೆಂಟ್ ಸಿನಿಮಾದಲ್ಲಿ. ಮಾರಿಕಾಂಬಾ ಜಾತ್ರೆಯ ದಿನಗಳವು. ಮನೆಯ ಹಿರಿಯರು ಸಿನಿಮಾ ಎಂದರೆ ಮೂಗು ಮುರಿಯುತ್ತಿದ್ದರೂ 'ಬೇಡರ ಕಣ್ಣಪ್ಪ' ದೇವರ ಕಥೆಯೆಂಬ ಕಾರಣಕ್ಕೆ ಅಪ್ಪಣೆ ದೊರೆಯಿತು. ನೆಲದ ಮೇಲೆ ಕಂಬಳಿ ಹಾಸಿಕೊಂಡು ಕುಳಿತೆವು. ಕಣ್ಣಪ್ಪ ಕಣ್ಣು ಕಿತ್ತು ಕೊಡುವಾಗ ಎಲ್ಲರೂ ಅತ್ತರು. ಆದರೆ ಹಿಂದಿರುಗುವಾಗ ಆಯಿ ಆಡಿದ್ದು ಕಣ್ಣಪ್ಪನ ಮಾತನ್ನಲ್ಲ, ಅವನ ಹೆಂಡತಿಯ ಮಾತನ್ನು. "ಅವಳದ್ದು ವೇಷ ಅನಿಸಲೇ ಇಲ್ಲ" ಎಂದಳು. ಯಕ್ಷಗಾನದಲ್ಲಿ ಗಂಡಸರ ಸ್ತ್ರೀವೇಷವನ್ನೇ ನೋಡಿ ಬೆಳೆದವಳ ಬಾಯಲ್ಲಿ ಅದು ಸಣ್ಣ ಮೆಚ್ಚುಗೆಯಲ್ಲ.

ಆ ಚಿತ್ರ ತೆರೆಕಂಡ 1954ರಲ್ಲಿ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾವು ಮೈಸೂರು ರಾಜ್ಯವನ್ನು ಸೇರಿದ್ದು 1956ರಲ್ಲಿ. ಚಿತ್ರ ತಯಾರಾಗುತ್ತಿದ್ದುದು ಬಹುಪಾಲು ಮದರಾಸಿನಲ್ಲಿ. ಕರಾವಳಿಯ ಒಂದು ಸಣ್ಣ ಊರಿನ ಹೆಣ್ಣುಮಗಳಿಗೆ ಈ ಅಂತರಗಳು ಬರಿಯ ಮೈಲುಗಳಾಗಿರಲಿಲ್ಲ. ಹರಿಕಥೆಯ ಹಿನ್ನೆಲೆಯ ಕುಟುಂಬದಿಂದ ಬಂದ ಪಂಢರಿಬಾಯಿಯವರು ಕಥಾಕೀರ್ತನೆ, ಪೌರಾಣಿಕ ನಾಟಕಗಳ ಮೂಲಕ ರಂಗಕ್ಕೆ ಬಂದವರು. ಮಾತನ್ನು ಕೊನೆಯ ಸಾಲಿನವರೆಗೆ ಮುಟ್ಟಿಸುವ ಅವರ ಸ್ಪಷ್ಟ ಉಚ್ಚಾರಣೆಗೆ ಆ ಹರಿಕಥೆಯೇ ಮೂಲವಿರಬೇಕೆಂದು ನನ್ನ ಊಹೆ. 1943ರ 'ವಾಣಿ' ಅವರ ಮೊದಲ ಚಿತ್ರ. ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ಹೆಸರಿನೊಡನೆ ಬೆಸೆದುಕೊಂಡ ಆ ಚಿತ್ರವನ್ನು ನಿರ್ದೇಶಿಸಿದವರು ಕೆ. ಹಿರಣ್ಣಯ್ಯನವರು.

ಮುಂದಿನದು ಒಂದು ಸೋಜಿಗ. 1952ರಲ್ಲಿ ಕರುಣಾನಿಧಿಯವರು ಸಂಭಾಷಣೆ ಬರೆದ ತಮಿಳಿನ 'ಪರಾಶಕ್ತಿ' ಬಂದಿತು. ಅದು ಶಿವಾಜಿ ಗಣೇಶನ್ನರ ಮೊದಲ ಚಿತ್ರ, ನಾಯಕಿ ಪಂಢರಿಬಾಯಿ. ಎರಡು ವರ್ಷಗಳ ನಂತರ ಎಚ್.ಎಲ್.ಎನ್. ಸಿಂಹರು ಮುತ್ತುರಾಜನೆಂಬ ನಾಟಕ ಕಂಪನಿಯ ತರುಣನಿಗೆ ರಾಜಕುಮಾರನೆಂದು ಹೆಸರಿಟ್ಟು 'ಬೇಡರ ಕಣ್ಣಪ್ಪ'ನನ್ನಾಗಿ ನಿಲ್ಲಿಸಿದರು. ಅಲ್ಲಿಯೂ ನಾಯಕಿ ಇವರೇ. ಎರಡು ಭಾಷೆಗಳ ಇಬ್ಬರು ಮಹಾನಟರು ನಾಯಕರಾಗಿ ಮೊದಲ ಹೆಜ್ಜೆಯಿಟ್ಟಾಗ ಎದುರಿಗೆ ನಿಂತಿದ್ದವರು ನಮ್ಮ ಭಟ್ಕಳದವರು! ಅಷ್ಟರಲ್ಲಾಗಲೇ 1951ರ 'ಬಹಾರ್' ಚಿತ್ರದಲ್ಲಿ ವೈಜಯಂತಿಮಾಲಾ ಜೊತೆ ನಟಿಸಿ ಹಿಂದಿಯನ್ನೂ ಅವರು ಕಂಡಿದ್ದರು. 1955ರಲ್ಲಿ 'ಸಂತ ಸಖು', 1957ರಲ್ಲಿ 'ರಾಯರ ಸೊಸೆ'. ತಂಗಿ ಮೈನಾವತಿಯವರೂ ನಟಿಯಾದರು. 1959ರ 'ಅಬ್ಬಾ ಆ ಹುಡುಗಿ'ಯ ಗಂಡುಬೀರಿ ಹುಡುಗಿ ಅವರೇ. ಅಕ್ಕನದು ಸೌಮ್ಯ ಮುಖ, ತಂಗಿಯದು ತುಂಟ ಮುಖ.

ಆ ಸೌಮ್ಯ ಮುಖವೇ ಅವರಿಗೆ ವರವೂ ಆಯಿತು, ಕಟ್ಟೂ ಆಯಿತು. ಸಹನೆಯ ಸೊಸೆ, ನೊಂದ ಹೆಂಡತಿ, ಬಹುಬೇಗ ತಾಯಿ. 1967ರ 'ಬೆಳ್ಳಿಮೋಡ'ದಲ್ಲಿ ಅವರು ಕಲ್ಪನಾ ಅವರಿಗೆ ತಾಯಿ. 1969ರ 'ದೈವ ಮಗನ್'ನಲ್ಲಂತೂ ತ್ರಿಪಾತ್ರದ ಶಿವಾಜಿ ಗಣೇಶನ್ನರಲ್ಲಿ ಒಬ್ಬರಿಗೆ ಹೆಂಡತಿ, ಇಬ್ಬರಿಗೆ ತಾಯಿ! 1986ರ 'ಅನುರಾಗ ಅರಳಿತು' ಚಿತ್ರಕ್ಕೆ ಬಂದರೆ ರಾಜಕುಮಾರರು ಇನ್ನೂ ನಾಯಕರು, ಅವರ ಮೊದಲ ನಾಯಕಿ ಅವರ ತಾಯಿ. ಅದರ ತಮಿಳು ರೂಪವಾದ 1992ರ 'ಮನ್ನನ್'ನಲ್ಲಿ ರಜನಿಕಾಂತರಿಗೂ ಅವರೇ ತಾಯಿ. ಗಂಡಸಿಗೆ ಕೂದಲಿಗೆ ಬಣ್ಣ ಕಪ್ಪು, ಹೆಂಗಸಿಗೆ ಬಿಳಿ. ಚಿತ್ರರಂಗದ ಈ ನ್ಯಾಯ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಆದರೂ ಅವರು ತಾಯಿಯ ಪಾತ್ರವನ್ನು ಕೈತಪ್ಪಿದ ನಾಯಕಿಯ ಪಾತ್ರವೆಂಬಂತೆ ಅಭಿನಯಿಸಲಿಲ್ಲ. ಪಾತ್ರ ಚಿಕ್ಕದಾದಷ್ಟೂ ಅವರ ಅಭಿನಯ ಕಡಿಮೆ ಮಾತಿನದಾಯಿತು. ಕೊನೆಗಾಲದಲ್ಲಿ ಅಪಘಾತವೊಂದರಲ್ಲಿ ಒಂದು ಕೈಯನ್ನು ಕಳೆದುಕೊಂಡರು. 2003ರ ಜನವರಿ 29ರಂದು ಚೆನ್ನೈಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಬರೆಯುತ್ತಿರುವುದಕ್ಕೆ ನನ್ನದೇ ಒಂದು ಕಾರಣವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯ ಗ್ಯಾದರಿಂಗಿಗೆ ನಾಟಕ ಆಡಿಸುತ್ತಿದ್ದೆ. ಹೆಣ್ಣುಪಾತ್ರಕ್ಕೂ ಹುಡುಗರೇ. ಒಂದು ವರ್ಷ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದು, "ಸರ್, ಚಂದ್ರಮತಿಯ ಪಾತ್ರ ನಾನು ಮಾಡ್ತೆ" ಎಂದಳು. ಮಾತುಗಳನ್ನೆಲ್ಲ ಮರದ ಕೆಳಗೆ ನಿಂತು ಆಗಲೇ ಬಾಯಿಪಾಠ ಮಾಡಿದ್ದಳು. ಒಪ್ಪಿಸಿಯೂ ತೋರಿಸಿದಳು. ನನ್ನ ಹುಡುಗರಲ್ಲಿ ಯಾರೂ ಹಾಗೆ ಹೇಳಲಾರರೆಂದು ನನಗೆ ಗೊತ್ತಾಯಿತು. "ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ ತಂಗೀ, ಬೇಡ" ಎಂದುಬಿಟ್ಟೆ. ಅವಳ ಮನೆಯವರನ್ನು ನಾನು ಕೇಳಿಯೇ ಇರಲಿಲ್ಲ. 'ಬೇಡರ ಕಣ್ಣಪ್ಪ'ನನ್ನು ನೋಡಿ ಕಣ್ಣೀರಿಟ್ಟ ಅದೇ ನಾನು.

2003ರಲ್ಲಿ ಪತ್ರಿಕೆಯಲ್ಲಿ ಪಂಢರಿಬಾಯಿಯವರ ನಿಧನದ ಸುದ್ದಿ ಓದಿದ ದಿನ ಆ ಹುಡುಗಿಯ ನೆನಪಾಗಿ ಬಹಳ ಹೊತ್ತು ಜಗುಲಿಯಲ್ಲಿ ಕುಳಿತಿದ್ದೆ. ಆಕೆ ಈಗ ಮೊಮ್ಮಕ್ಕಳನ್ನು ಕಂಡಿರಬಹುದು. ಇದನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಆ ವರ್ಷದವರು ಯಾರಾದರೂ ಇದ್ದರೆ, ಮಾಸ್ತರು ಮರೆತಿಲ್ಲವೆಂದು ಅವಳಿಗೆ ತಿಳಿಸಿ.