ನಾರುಹುಣ್ಣು ಮತ್ತು ಪಾವಟಿಗೆಯ ಬಾವಿ

ರೈತನ ಕಷ್ಟಗಳನ್ನು ಎಣಿಸುವವರು ಮಳೆ ತಪ್ಪಿದ್ದನ್ನೂ ಸಾಲದ ಬಡ್ಡಿಯನ್ನೂ ಬಿಡದೆ ಹೇಳುತ್ತಾರೆ. ನಾರುಹುಣ್ಣನ್ನು ಮಾತ್ರ ಈಗ ಯಾರೂ ನೆನೆಯುವುದಿಲ್ಲ. ಆದರೆ ಅತನೂರ, ಆಳಂದ, ಜೇವರ್ಗಿಗಳನ್ನೊಳಗೊಂಡು 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಗುಲಬರ್ಗಾ ಜಿಲ್ಲೆಯಲ್ಲಿ ಅದು ಒಕ್ಕಲುತನಕ್ಕೇ ಅಂಟಿಕೊಂಡ ಬೇನೆಯಾಗಿದ್ದಿತು.

ಹೆಸರು ಬಹಳ ಸರಿಯಾಗಿದೆ. ಕಾಲಿನಲ್ಲೊಂದು ಬೊಕ್ಕೆ ಎದ್ದು ಒಡೆದರೆ ಒಳಗಿನಿಂದ ನಾರಿನಂಥ ಹುಳು ಇಣುಕುವುದು; ಉದ್ದ ಒಂದು ಮೀಟರಿನವರೆಗೂ ಇದ್ದೀತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯಬೇಕು. ಅವಸರಪಟ್ಟು ಹರಿದರೆ ಕಾಲು ಬಾತು ಕೀವಾಗುವುದು. ಬೇಸಿಗೆಯ ಕೊನೆ, ಮುಂಗಾರಿನ ಮೊದಲಲ್ಲಿಯೇ ಇದರ ಹಾವಳಿ ಹೆಚ್ಚು. ಎಂದರೆ ಕೂರಿಗೆ ಹೂಡಬೇಕಾದ ಹೊತ್ತಿನಲ್ಲಿ ಆಳು ಕಟ್ಟೆಯ ಮೇಲೆ ಕಾಲು ಚಾಚಿ ಕೂಡಬೇಕಾಯಿತು. ಬಿತ್ತನೆಯ ಹದ ಯಾರಿಗೂ ಕಾಯುವುದಿಲ್ಲ.

ಇಷ್ಟಿದ್ದರೂ ಜನ ಇದಕ್ಕೆ ಅಂಜಲಿಲ್ಲ. ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದವರು, ನಾರುಹುಣ್ಣಾದರೆ “ಹೊಲದಾಗ ದುಡಿಯೋರಿಗೆ ಇದ್ದದ್ದೇ” ಎಂದು ಸುಮ್ಮನಾಗುತ್ತಿದ್ದರು. ಇದನ್ನು ಅಜ್ಞಾನವೆಂದು ಜರೆಯುವುದು ಸುಲಭ. ನನಗೆ ಅದು ನ್ಯಾಯವೆನಿಸುವುದಿಲ್ಲ. ಸಾಮಾನ್ಯವಾಗಿ ಪ್ರಾಣ ತೆಗೆಯದ ರೋಗ ಇದು. ಮೇಲಾಗಿ, ಇಂದು ಕುಡಿದ ನೀರಿನ ಫಲ ಕಾಲಿನಲ್ಲಿ ಕಾಣುವುದು ಸುಮಾರು ಒಂದು ವರ್ಷದ ಮೇಲೆ. ಹೋದ ವರ್ಷದ ಒಂದು ಬೊಗಸೆ ನೀರನ್ನು ಯಾರು ತಾನೇ ನೆನಪಿಟ್ಟಾರು? ಇಂದು ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ ತೊಗರಿಗೆ ‘ಎಣ್ಣಿ’ ಹೊಡೆಯುವವನ ಲೆಕ್ಕಾಚಾರವೂ ಇಂಥದೇ: ಸಂಜೆಯೊಳಗೆ ಏನೂ ಆಗದಿದ್ದರೆ ಏನೂ ಆಗಲಿಲ್ಲ.

ಗುಟ್ಟೆಲ್ಲ ಬಾವಿಯಲ್ಲಿದ್ದಿತು. ಬೊಕ್ಕೆಯ ಉರಿಗೆ ನೀರೇ ಹಿತ. ಕೊಡ ಹಿಡಿದು ಪಾವಟಿಗೆ ಇಳಿದವನು ಕಾಲನ್ನು ನೀರಿಗಿಟ್ಟೊಡನೆ ಹುಳು ಲಕ್ಷಾಂತರ ಮರಿಗಳನ್ನು ಚೆಲ್ಲುವುದು. ಅವನ್ನು ಸೈಕ್ಲಾಪ್ಸ್ ಎಂಬ ನೀರುಚಿಗಟ ನುಂಗುವುದು. ಆ ನೀರನ್ನು ಸೋಸದೆ ಕುಡಿದವನಿಗೆ ಮುಂದಿನ ವರ್ಷದ ಸರದಿ. ಬಾಯಾರಿದವರಿಗೆ ಅನುಕೂಲವಾಗಲೆಂದು ಪುಣ್ಯಕ್ಕಾಗಿ ಕಟ್ಟಿಸಿದ ಮೆಟ್ಟಿಲೇ ರೋಗದ ದಾರಿಯಾಯಿತೆಂಬುದು ಕಟ್ಟಿಸಿದವರಿಗೆ ಹೇಗೆ ತಿಳಿಯಬೇಕು!

ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿಯವರು 1930ರ ದಶಕದಲ್ಲಿಯೇ ಇದನ್ನು ಪಟ್ಟುಹಿಡಿದು ಅಭ್ಯಸಿಸಿದರು. ರಾಕ್‌ಫೆಲರ್ ಪ್ರತಿಷ್ಠಾನದ ಸ್ವೀಟ್ ಅವರೊಡನೆ ಅವರು ಸೂಚಿಸಿದ ಉಪಾಯ ಸೊಗಸಾದುದು: ಸೈಕ್ಲಾಪ್ಸನ್ನು ತಿನ್ನುವ ಮೀನನ್ನು ಬಾವಿಗೆ ಬಿಡುವುದು. ಆದರೆ ದೇಶವ್ಯಾಪಿ ಕಾರ್ಯಕ್ರಮ ಮೊದಲಾಗಲು 1983-84 ಬರಬೇಕಾಯಿತು. ಆಗ, 1984ರಲ್ಲಿ, ಭಾರತದಲ್ಲಿ ಸುಮಾರು 40,000 ರೋಗಿಗಳಿದ್ದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಗುಳಿಗೆಯೂ ಇಲ್ಲ. ನೀರು ಸೋಸಲು ಬಟ್ಟೆ, ಬಾವಿಗೆ ಟೆಮೆಫಾಸ್, ಕೊಳವೆಬಾವಿಗೆ ಕೈಪಂಪು. ಎಲ್ಲಕ್ಕಿಂತ ಮಿಗಿಲಾಗಿ, ಪಾವಟಿಗೆ ಮುಚ್ಚಿ ಗಡಗಡಿ ಹಾಕಿ ನೀರು ಸೇದುವಂತೆ ಮಾಡಿದ್ದು. ದೇಶದ ಕೊನೆಯ ರೋಗಿ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದನು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಮುಕ್ತವೆಂದು ಸಾರಿದಾಗ, ಎಷ್ಟೋ ಹಳ್ಳಿಗಳಲ್ಲಿ ಪಾವಟಿಗೆ ಇಳಿದು ನೀರು ತರುವ ರೂಢಿಯೇ ತಪ್ಪಿಹೋಗಿದ್ದಿತು.